ಪಿಪಿಟಿ ಮುಗಿದ ಮೇಲೂ ಜನರಿಗೆ ವಿಷಯ ನೆನಪಿರಬೇಕಾದರೆ ಏನು ಮಾಡಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ನೀವು ಚಿಂತಾಮಣಿಯಲ್ಲಿ ರೇಷ್ಮೆ ಕೃಷಿ ಓದುತ್ತಿದ್ದೀರಿ. ಶಿಡ್ಲಘಟ್ಟದ ಹತ್ತಿರದ ಹಳ್ಳಿಯಲ್ಲಿ, ಹುಳ ಸಾಕುವ ಮನೆಯ ಸೋಂಕು ನಿವಾರಣೆ ಬಗ್ಗೆ ರೈತರಿಗೆ ಹೇಳಬೇಕು. 40 ಸ್ಲೈಡ್ ರೆಡಿ ಇವೆ. ಆದರೆ ಟೀ ಕುಡಿಯುವ ಹೊತ್ತಿಗೆ ಎಲ್ಲ ಮರೆತುಹೋಗುತ್ತೆ ಅನ್ನೋ ಚಿಂತೆ. ನಾನು ಇದೇ ತಾಲೂಕಿನಲ್ಲಿ ರೇಷ್ಮೆ ಬೆಳೆಗಾರರಿಗೆ ತರಬೇತಿ ಕೊಡುತ್ತೇನೆ. ನನ್ನ ಅನುಭವ ಹೇಳುತ್ತೇನೆ.

ಮೊದಲು ಲ್ಯಾಪ್‌ಟಾಪ್ ಪಕ್ಕಕ್ಕಿಡಿ. ರೈತರು ಮನೆಗೆ ಹೋದಾಗ ಮನೆಯವರು 'ಏನು ಹೇಳಿದ್ರು?' ಅಂತ ಕೇಳ್ತಾರೆ, ಅಲ್ವಾ? ಆಗ ಅವರ ಬಾಯಲ್ಲಿ ಬರಬೇಕಾದ ಮಾತನ್ನು ಒಂದು ಚೀಟಿಯಲ್ಲಿ ಬರೆಯಿರಿ. ನಾನಾದರೆ ಹೀಗೆ ಬರೆಯುತ್ತೇನೆ: 'ಹಿಂದಿನ ಬೆಳೆಯ ರೋಗ ತಟ್ಟೇಲೂ ಗೋಡೇಲೂ ಉಳಿದಿರುತ್ತಂತೆ, ಹೊಸ ಚಾಕಿ ಹುಳ ತರೋ ಮುಂಚೆ ಬ್ಲೀಚಿಂಗ್ ಹೊಡೀಬೇಕಂತೆ.' (ಚಾಕಿ ಹುಳ ಅಂದರೆ ಎಳೆಯ ರೇಷ್ಮೆ ಹುಳ.) ಈ ಮಾತಿಗೆ ಸಹಾಯ ಮಾಡದ ಸ್ಲೈಡ್ ಎಷ್ಟು ಚೆನ್ನಾಗಿದ್ದರೂ ತೆಗೆದುಬಿಡಿ. ವೈರಸ್‌ನ ಹೆಸರು, ರೋಗಗಳ ಚಾರ್ಟು ನಿಮ್ಮ ಪರೀಕ್ಷೆಗೆ ಬೇಕು, ಇಲ್ಲಿ ಬೇಡ.

ಆಮೇಲೆ ಆ ಮಾತನ್ನು ಕಣ್ಣಿಗೆ ಕಾಣಿಸಬೇಕು. ನಾನು ಮಾಡುವುದು ಇದು. ಒಂದು ತಟ್ಟೆಗೆ ಅರಿಶಿನ ಉದುರಿಸಿ, ಮೇಲೆ ಹಿಪ್ಪುನೇರಳೆ ಸೊಪ್ಪು ಹರಡುತ್ತೇನೆ. ಒಬ್ಬರು ಬಂದು ಸೊಪ್ಪಿನಲ್ಲಿ ಕೈಯಾಡಿಸುತ್ತಾರೆ. ಅವರು ಪಕ್ಕದವರ ಕೈ ಕುಲುಕುತ್ತಾರೆ, ಪಕ್ಕದವರು ಇನ್ನೊಬ್ಬರದು. ಹೀಗೆ ನಾಲ್ಕೈದು ಜನ. ಕೊನೆಯವರ ಕೈಯಲ್ಲಿ ಬರಿಗಣ್ಣಿಗೆ ಹೆಚ್ಚೇನೂ ಕಾಣುವುದಿಲ್ಲ. ಈಗ ಎಲ್ಲರೂ ಒದ್ದೆ ಬಿಳಿ ಬಟ್ಟೆಗೆ ಅಂಗೈ ಒತ್ತಬೇಕು. ಕೈ ತೆಗೆದ ಮೇಲೆ ಬಟ್ಟೆಗೆ ಸುಣ್ಣದ ತಿಳಿನೀರು ಚಿಮುಕಿಸಿದರೆ ಅರಿಶಿನ ತಾಗಿದ ಜಾಗವೆಲ್ಲ ಕೆಂಪಾಗುತ್ತದೆ. ಆರತಿ ನೀರು ಕೆಂಪಾಗುವುದು ಎಲ್ಲರಿಗೂ ಗೊತ್ತಿರುವುದೇ. ಆದರೆ ತಟ್ಟೆಯನ್ನೇ ಮುಟ್ಟದವರ ಅಂಗೈ ಗುರುತೂ ಕೆಂಪಾದಾಗ ಸುಮ್ನೆ ಕೂತಿದ್ದವರೂ ಮುಂದಕ್ಕೆ ಬಗ್ಗಿ ನೋಡುತ್ತಾರೆ. 'ಹಾಗಾದ್ರೆ ಹಾಲುತೊಂಡೆ ರೋಗ ಬಂದ ಹುಳ ಎತ್ತಿ ಬಿಸಾಕಿದ ಕೈಯಲ್ಲೇ ಒಳ್ಳೆ ಹುಳಕ್ಕೆ ಸೊಪ್ಪು ಹಾಕಿದ್ರೆ?' ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಆ ಪ್ರಶ್ನೆಯನ್ನು ನೀವು ಮೊದಲೇ ಹೇಳಿ ಕೆಡಿಸಬೇಡಿ, ಕಾಯಿರಿ. ಅರಿಶಿನ ಎಷ್ಟು ಬೇಕು ಅಂತ ಮನೆಯಲ್ಲಿ ಒಮ್ಮೆ ಮಾಡಿ ನೋಡಿಕೊಳ್ಳಿ. ಸುಣ್ಣದ ನೀರು ಬಟ್ಟೆಗೆ ಮಾತ್ರ, ಯಾರ ಕೈಗೂ ಬೇಡ.

ದೊಡ್ಡ ವೇದಿಕೆಯಲ್ಲೂ ಕೆಲಸ ಮಾಡಿದ್ದು ಇದೇ ದಾರಿ. 1986ರ ಜನವರಿಯಲ್ಲಿ ಅಮೆರಿಕದ ಚಾಲೆಂಜರ್ ನೌಕೆ ಹಾರಿದ 73 ಸೆಕೆಂಡಿಗೆ ಛಿದ್ರವಾಗಿ 7 ಜನ ಸತ್ತರು. ತನಿಖಾ ಆಯೋಗದಲ್ಲಿದ್ದ ವಿಜ್ಞಾನಿ ರಿಚರ್ಡ್ ಫೈನ್‌ಮನ್ ರಾಕೆಟ್ಟಿನ ಕೀಲುಗಳಿಂದ ಬಿಸಿ ಅನಿಲ ಸೋರದಂತೆ ತಡೆಯುವ ಓ-ರಿಂಗ್ ಎಂಬ ರಬ್ಬರ್ ಬಳೆಯ ತುಂಡನ್ನು ಕ್ಲಾಂಪಿನಲ್ಲಿ ಬಿಗಿದು, ಎಲ್ಲರ ಎದುರು ಐಸ್ ನೀರಿನ ಲೋಟದಲ್ಲಿ ಅದ್ದಿದರು. ತೆಗೆದು ಸಡಿಲಿಸಿದಾಗ ರಬ್ಬರ್ ಕೂಡಲೇ ಮೊದಲಿನ ಆಕಾರಕ್ಕೆ ಬರಲಿಲ್ಲ. ನೌಕೆ ಹಾರಿದ ದಿನ ಇದ್ದಂಥ ಚಳಿಗೆ ಅದರ ಪುಟಿಯುವ ಗುಣ ಹೋಗುತ್ತೆ ಅಂತ ತೋರಿಸಲು ಅಷ್ಟೇ ಸಾಕಾಯಿತು. ಆಯೋಗದ ವರದಿ ಓದದವರಿಗೂ ಆ ಲೋಟದ ಕಥೆ ಗೊತ್ತು.

ಇನ್ನು ನನಗೆ ಬಹಳ ಮುಖ್ಯ ಅನ್ನಿಸುವ ವಿಷಯ. ನಾವು ಎಷ್ಟು ಸಲ ಹೇಳಿದೆವು ಅನ್ನೋದಕ್ಕಿಂತ ಅವರು ಎಷ್ಟು ಸಲ ನೆನಪು ಮಾಡಿಕೊಂಡು ಹೇಳಿದರು ಅನ್ನೋದೇ ದೊಡ್ಡದು. ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಕೆಲವು ವಿದ್ಯಾರ್ಥಿಗಳು ಪಾಠವನ್ನು ಮತ್ತೆ ಮತ್ತೆ ಓದಿದರು, ಇನ್ನು ಕೆಲವರು ಓದಿದ್ದನ್ನು ನೋಡದೆ ಬರೆದರು. 5 ನಿಮಿಷದ ನಂತರ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ನೋಡದೆ ಬರೆದವರಿಗೆ ಜಾಸ್ತಿ ನೆನಪಿತ್ತು. ನಮ್ಮ ಸಭೆಗಳಲ್ಲಿ ಕೊನೆಗೆ 'ಅರ್ಥ ಆಯ್ತಾ?' ಅಂತೀವಿ, ಎಲ್ಲರೂ ತಲೆ ಆಡಿಸುತ್ತಾರೆ. ಅದು ಆ 5 ನಿಮಿಷದ ನೆನಪು ಅಷ್ಟೇ.

ಅದಕ್ಕೇ ಅಳತೆಯನ್ನು ಸ್ಲೈಡಿನಲ್ಲಿ ಹಾಕಬೇಡಿ, ಅವರಿಂದಲೇ ಮಾಡಿಸಿ. 10 ಲೀಟರ್ ನೀರಿಗೆ 200 ಗ್ರಾಂ ಬ್ಲೀಚಿಂಗ್ ಪೌಡರ್, 30 ಗ್ರಾಂ ಅರಳಿದ ಸುಣ್ಣ. ಬಕೆಟ್, ತಕ್ಕಡಿ ತನ್ನಿ. ಒಬ್ಬರು ಬಯಲಿನಲ್ಲಿ ನಿಂತು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಕಲಸಲಿ. ಅರ್ಧ ಗಂಟೆ ಬೇರೆ ವಿಷಯ ಮಾತಾಡಿ, ಆಮೇಲೆ 'ಅಕ್ಕ, ಎಷ್ಟು ಗ್ರಾಂ ಹಾಕಿದ್ವಿ?' ಅಂತ ಕೇಳಿ. ಹೆಣ್ಣುಮಕ್ಕಳನ್ನು ಕೇಳೋದು ಮರೆಯಬೇಡಿ. ಸೊಪ್ಪು ಹಾಕುವುದು, ಕಸ ತೆಗೆಯುವುದು ಎಷ್ಟೋ ಮನೆಗಳಲ್ಲಿ ಅವರೇ. ಆದರೆ ಸಭೆಯಲ್ಲಿ ಅವರಿಗೆ ಹಿಂದಿನ ಸಾಲು.

ಸ್ಲೈಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಐದಾರು ಫೋಟೋ ಸಾಕು, ಅದೂ ಅದೇ ಊರಿನ ಹುಳ ಸಾಕುವ ಮನೆಯವು. ಪರದೆ ಮೇಲೆ ಬರೆದದ್ದನ್ನೇ ಓದಿ ಹೇಳಬೇಡಿ. ಕಣ್ಣು ಒಂದು ಕಡೆ ಓದುತ್ತೆ, ಕಿವಿ ಇನ್ನೊಂದು ಕಡೆ ಕೇಳುತ್ತೆ, ಎರಡೂ ಸರಿಯಾಗಿ ಆಗುವುದಿಲ್ಲ. ಕರೆಂಟ್ ಹೋದರೂ ನಡೆಯುವ ಹಾಗೆ ತಯಾರಾಗಿ. ನಮ್ಮ ಕಡೆ ಮನೆಯಲ್ಲಿ ತೆಲುಗು ಮಾತಾಡುವವರು ಬಹಳ. ಯಾರಾದರೂ ತೆಲುಗಿನಲ್ಲಿ ಕೇಳಿದರೆ, ಬಂದರೆ ತೆಲುಗಿನಲ್ಲೇ ಉತ್ತರ ಕೊಡಿ. ಬರದಿದ್ದರೆ ಅಲ್ಲೇ ಇರುವ ಒಬ್ಬರಿಗೆ ಹೇಳಲು ಬಿಡಿ. ಹಾಗೆ ಹೇಳಿದವರಿಗೂ ವಿಷಯ ಗಟ್ಟಿಯಾಗುತ್ತೆ.

ಪ್ರಶ್ನೆಗಳನ್ನು ಕೊನೆಗೆ ಇಡಬೇಡಿ. ಊಟದ ಹೊತ್ತಾದರೆ ಯಾರೂ ಕೇಳುವುದಿಲ್ಲ. ಪ್ರಶ್ನೆ ಮುಗಿಸಿ, ಆ ಕೆಂಪು ಬಟ್ಟೆಯನ್ನು ಎತ್ತಿ ಹಿಡಿದು, ಚೀಟಿಯ ಮಾತನ್ನು ಅವರಲ್ಲೇ ಒಬ್ಬರಿಂದ ಹೇಳಿಸಿ. ವಾರದ ನಂತರ ಊರಿನ ವಾಟ್ಸಾಪ್ ಗುಂಪಿಗೆ ಒಂದು ವಾಯ್ಸ್ ಮೆಸೇಜ್ ಹಾಕಿ: 'ಹತ್ತು ಲೀಟರ್ ನೀರಿಗೆ ಬ್ಲೀಚಿಂಗ್ ಎಷ್ಟು?' ಉತ್ತರ ನೀವು ಹೇಳಬೇಡಿ. ಯಾರಾದರೂ ತಪ್ಪು ಹೇಳಿದರೆ ಇನ್ನೊಬ್ಬರು ತಿದ್ದುತ್ತಾರೆ, ಒಂದು ದಿನ ಬಿಡಿ. ಯಾರೂ ತಿದ್ದದಿದ್ದರೆ ಮಾತ್ರ ನೀವು ಹೇಳಿ.