ವಾಚಕರ ಪ್ರಶ್ನೆ: ನೆರವಿನ ಮನೆಯ ಆರೈಕೆಯನ್ನು ಅಳೆಯುವುದು ಹೇಗೆ?

ಪ್ರಶ್ನೆ: ನನ್ನ ತಮ್ಮನಿಗೆ 34 ವರ್ಷ, ಬೌದ್ಧಿಕ ಅಂಗವೈಕಲ್ಯವಿದೆ. ಇನ್ನೂ ಮೂವರ ಜೊತೆ, ಸಹಾಯಕರು ನೋಡಿಕೊಳ್ಳುವ ನೆರವಿನ ಮನೆಯಲ್ಲಿದ್ದಾನೆ. ಹೋದಾಗಲೆಲ್ಲ ಮನೆ ಚೊಕ್ಕಟವಾಗಿರುತ್ತದೆ, ಅವನ ಬಟ್ಟೆಯೂ ಶುಭ್ರ. ಆರೈಕೆ ನಿಜಕ್ಕೂ ಚೆನ್ನಾಗಿದೆ ಎಂದು ಇಷ್ಟರಿಂದಲೇ ನಂಬಬಹುದೇ?

ಉತ್ತರ: ನಂಬಬೇಡಿ, ಇನ್ನೊಂದಿಷ್ಟು ನೋಡಿ. ಸಹಾಯಕರೇ ಎಲ್ಲ ಕೆಲಸ ಮುಗಿಸಿ, ಅಲ್ಲಿ ವಾಸಿಸುವವರನ್ನು ಟೀವಿ ಮುಂದೆ ಕೂರಿಸುವ ಮನೆಯೂ ಥಳಥಳ ಹೊಳೆಯುತ್ತದೆ. ಊಟಕ್ಕೆ ಮುಂಚಿನ ಒಂದು ಗಂಟೆ ಹೊತ್ತು ತಮ್ಮನ ಹತ್ತಿರ ಕೂತುಕೊಳ್ಳಿ. ಪ್ರತಿ 5 ನಿಮಿಷಕ್ಕೊಮ್ಮೆ ಎರಡೇ ವಿಷಯ ಬರೆದುಕೊಳ್ಳಿ: ಈ ಕ್ಷಣ ಅವನ ಕೈ ಏನು ಮಾಡುತ್ತಿದೆ? ಸಹಾಯಕರು ಯಾರಾದರೂ ಅವನೊಂದಿಗೆ ಮಾತಾಡುತ್ತಿದ್ದಾರೆಯೇ? ಗಂಟೆಗೆ 12 ಟಿಪ್ಪಣಿಗಳಾಗುತ್ತವೆ. ಬೇರೆ ಬೇರೆ ವೇಳೆಯಲ್ಲಿ ಮೂರು ಸಲ ಹೀಗೆ ನೋಡಿ. ಪ್ರತಿ ಸಲವೂ 12ರಲ್ಲಿ ಸುಮಾರು ಹತ್ತು ಕಡೆ ‘ಸುಮ್ಮನೆ ಕೂತಿದ್ದಾನೆ’ ಎಂದೇ ಇದ್ದರೆ, ದಿನಚರಿ ಪುಸ್ತಕ ಏನೇ ಹೇಳಲಿ, ಆರೈಕೆಯಲ್ಲಿ ಕೊರತೆಯಿದೆ. ಉಳಿದ ಮೂವರ ಬಗ್ಗೆ ಮಾತ್ರ ಏನೂ ಬರೆಯಬೇಡಿ. ಅದು ಅವರ ಮನೆ.

ಬ್ರಿಟನ್ನಿನ ಜಿಮ್ ಮ್ಯಾನ್ಸೆಲ್ ಮತ್ತು ಸಂಗಡಿಗರು ಬೆಳೆಸಿದ ‘ಸಕ್ರಿಯ ಬೆಂಬಲ’ ಎಂಬ ವಿಧಾನ ಇದಕ್ಕೆ ಮದ್ದು. ಬಟ್ಟೆ ಒಗೆಯುವುದನ್ನೇ ತೆಗೆದುಕೊಳ್ಳಿ. ಬುಟ್ಟಿ ತರುವುದು, ಬಟ್ಟೆಯನ್ನು ಯಂತ್ರಕ್ಕೆ ತುಂಬುವುದು, ಸೋಪಿನ ಪುಡಿ ಅಳೆಯುವುದು, ಬಾಗಿಲು ಮುಚ್ಚುವುದು, ಗುಂಡಿ ಒತ್ತುವುದು: ಇವು ಐದು ಕೆಲಸ. ಅವನಿಗೆ ಎರಡು ಬಂದರೆ ಎರಡನ್ನು ಅವನೇ ಮಾಡಲಿ, ಮೂರಕ್ಕೆ ನೆರವು ಸಿಗಲಿ. ನೆರವಿಗೂ ಮೆಟ್ಟಿಲುಗಳಿವೆ. ಮೊದಲು ಮಾತು, ಆಮೇಲೆ ಸನ್ನೆ, ಆಮೇಲೆ ಮಾಡಿ ತೋರಿಸುವುದು, ಕೊನೆಗೆ ಅವನು ಒಪ್ಪಿದರೆ ಕೈಗೆ ಕೈ ಕೊಡುವುದು. ತಪ್ಪು ಆಗುವುದು ಕಾಯದೇ ಇರುವುದರಲ್ಲಿ. ಹೇಳಿದ್ದು ಮನಸ್ಸಿಗೆ ಇಳಿದು ಕೈ ಮೇಲೇಳಲು ಕೆಲವರಿಗೆ 10 ಸೆಕೆಂಡಾದರೂ ಬೇಕು. ಮೂರನೇ ಸೆಕೆಂಡಿಗೇ ಸಹಾಯಕರು ತಾವೇ ಮಾಡಿ, ಪುಸ್ತಕದಲ್ಲಿ ‘ನಿರಾಕರಿಸಿದರು’ ಎಂದು ಬರೆದುಬಿಡುತ್ತಾರೆ. ಆ ಪದ ಪದೇಪದೇ ಕಂಡರೆ ಕಾರಣ ಕೇಳಿ.

ಪ್ರಶ್ನೆ: ಮಾತು ಬಾರದ ನನ್ನ ತಂಗಿ ಮೂರು ವಾರದಿಂದ ತಲೆ ಚಚ್ಚಿಕೊಳ್ಳುತ್ತಿದ್ದಾಳೆ. ಶಾಂತಗೊಳಿಸುವ ಮಾತ್ರೆ ಶುರುಮಾಡೋಣ ಎನ್ನುತ್ತಾರೆ. ಒಪ್ಪಲೇ?

ಉತ್ತರ: ಮೊದಲು ದೇಹದ ತಪಾಸಣೆ ಆಗಲಿ. ಮಾತಿಲ್ಲದವರಲ್ಲಿ ನಡವಳಿಕೆ ಇದ್ದಕ್ಕಿದ್ದಂತೆ ಬದಲಾದರೆ ನೋವಿದೆ ಎಂದೇ ಹಿಡಿದು ಹುಡುಕಬೇಕು. ಹಲ್ಲು, ಕಿವಿಯ ಗುಗ್ಗೆ ಅಥವಾ ಸೋಂಕು, ಹುಳಿತೇಗು, ಮೂತ್ರದ ಸೋಂಕು, ಮುಟ್ಟಿನ ನೋವು, ಮಲಬದ್ಧತೆ ಇಷ್ಟನ್ನೂ ನೋಡಿಸಿ. ‘ಇವರು ಇರುವುದೇ ಹೀಗೆ’ ಎಂದು ಅಂಗವೈಕಲ್ಯದ ತಲೆಗೆ ಕಟ್ಟಿ ಕಾಯಿಲೆಯನ್ನು ಕಾಣದೆ ಹೋಗುವುದು ಈ ಕ್ಷೇತ್ರದ ಅತಿ ಹಳೆಯ, ಅತಿ ದುಬಾರಿ ತಪ್ಪು.

ಮಲಬದ್ಧತೆಯನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ, ಆದರೆ ಅದರಿಂದ ಜೀವ ಹೋಗಬಹುದು. ಬ್ರಿಸ್ಟಲ್ ಪಟ್ಟಿಯಲ್ಲಿ ಮಲಕ್ಕೆ 1ರಿಂದ 7ರವರೆಗೆ ವಿಧಗಳಿವೆ. 1 ಮತ್ತು 2 ಎಂದರೆ ಗಟ್ಟಿ. ದಿನಾಂಕ, ವಿಧ, ಪ್ರಮಾಣ ಮೂರನ್ನೂ ಬರೆದಿಡಬೇಕು. ಬರೀ ‘ಆಯಿತು’ ಎಂದರೆ ಸಾಲದು. ಕರುಳಿನಲ್ಲಿ ಗಟ್ಟಿ ಮಲ ಸಿಕ್ಕಿಕೊಂಡಾಗ ಅದರ ಪಕ್ಕದಿಂದ ನೀರಾಗಿ ಸೋರುವುದುಂಟು. ಅದನ್ನು ಭೇದಿ ಎಂದುಕೊಂಡು ಮಲ ಸಡಿಲಿಸುವ ಔಷಧಿ ನಿಲ್ಲಿಸಿದರೆ ಕಷ್ಟ ಇಮ್ಮಡಿ. ಕಬ್ಬಿಣಾಂಶದ ಮಾತ್ರೆ, ಕ್ಲೋಜಪೀನ್‌ನಂಥ ಕೆಲವು ಮನೋರೋಗದ ಔಷಧಿಗಳು ಮಲ ಕಟ್ಟುತ್ತವೆ. ಹೊಟ್ಟೆ ಉಬ್ಬಿ ವಾಂತಿಯೂ ಆದರೆ ತಕ್ಷಣ ಆಸ್ಪತ್ರೆಗೆ.

ಇದರ ಜೊತೆಗೆ ಎರಡು ವಾರ, ತಲೆ ಚಚ್ಚಿಕೊಂಡ ಪ್ರತಿ ಸಲದ್ದೂ ದಾಖಲಾಗಲಿ: ಗಂಟೆ ಎಷ್ಟು, ಮುಂಚೆ ಏನಾಯಿತು, ಏನು ಮಾಡಿದಳು, ಆಮೇಲೆ ಏನಾಯಿತು. ಊಟವಾದ ಅರ್ಧ ಗಂಟೆಯಲ್ಲೇ ಹೆಚ್ಚು ಎಂದು ಕಂಡರೆ ಹುಳಿತೇಗಿನ ಅನುಮಾನ ಬಲವಾಗುತ್ತದೆ. ಇಷ್ಟೆಲ್ಲ ಆದಮೇಲೂ ಮಾತ್ರೆ ಬೇಕೆಂದರೆ, ಯಾವ ಲಕ್ಷಣಕ್ಕೆ, ಎಷ್ಟು ದಿನಕ್ಕೆ, ಮರುಪರಿಶೀಲನೆ ಯಾವ ತಾರೀಖು ಎಂದು ಬರೆಸಿಕೊಳ್ಳಿ. ತಾರೀಖಿಲ್ಲದ ಮಾತ್ರೆ ವರ್ಷಗಟ್ಟಲೆ ನಡೆದುಬಿಡುತ್ತದೆ.

ಪ್ರಶ್ನೆ: ಮೆದುಳಿನ ಪಾರ್ಶ್ವವಾಯು (ಸೆರೆಬ್ರಲ್ ಪಾಲ್ಸಿ) ಇರುವ ಅಕ್ಕ ನೀರು ಕುಡಿಯುವಾಗ ಕೆಮ್ಮುತ್ತಾಳೆ. ಅವಳಿದ್ದಲ್ಲಿ ಈಗ ಎಲ್ಲವನ್ನೂ ಅರೆದು ಕೊಡುತ್ತಿದ್ದಾರೆ. ಸರಿಯೇ?

ಉತ್ತರ: ನುಂಗುವಿಕೆಯನ್ನು ಪರೀಕ್ಷಿಸಬಲ್ಲ ವಾಕ್ ಚಿಕಿತ್ಸಕರು ನೋಡುವ ಮುಂಚೆ ಎಲ್ಲವನ್ನೂ ಅರೆಯುವುದು ಸರಿಯಲ್ಲ. ನೀರಿಗೆ ಕೆಮ್ಮುವವರು ಮೆತ್ತನೆಯ ತುತ್ತನ್ನು ಸಲೀಸಾಗಿ ನುಂಗಬಹುದು. ರುಚಿ, ಅಗಿಯುವ ಸುಖ ಎರಡನ್ನೂ ಕಾರಣವಿಲ್ಲದೆ ಕಿತ್ತುಕೊಂಡಂತಾಗುತ್ತದೆ. ಆಹಾರ, ಪಾನೀಯ ಎಷ್ಟು ಮೆತ್ತಗೆ, ಎಷ್ಟು ಗಟ್ಟಿ ಎಂದು ಹೇಳುವ ಐಡಿಡಿಎಸ್‌ಐ ಎಂಬ ಅಂತರರಾಷ್ಟ್ರೀಯ ಅಳತೆಯಲ್ಲಿ 0ಯಿಂದ 7ರವರೆಗೆ ಹಂತಗಳಿವೆ. ವಯಸ್ಕರಿಗೆ 5ನೇ ಹಂತವೆಂದರೆ ತುಣುಕು 4 ಮಿ.ಮೀ. ಅಗಲ, ಹೆಚ್ಚುಕಡಿಮೆ ಫೋರ್ಕಿನ ಹಲ್ಲುಗಳ ನಡುವಿನ ಸಂದಿನಷ್ಟು. 6ನೇ ಹಂತದಲ್ಲಿ 15 ಮಿ.ಮೀ. ಮೀರಬಾರದು. ‘ಮೆತ್ತಗೆ ಕೊಡಿ’ ಎಂದು ಬರೆದಿದ್ದರೆ ಅದು ಸೂಚನೆಯೇ ಅಲ್ಲ. ಹಂತದ ಸಂಖ್ಯೆ ಇರಬೇಕು.

ಪಾನೀಯ ಗಟ್ಟಿ ಮಾಡಲು ಹೇಳಿದ್ದರೆ ಸಿರಿಂಜಿನಿಂದ ಪರೀಕ್ಷಿಸಬಹುದು. ತುದಿಯನ್ನು ಬೆರಳಿನಿಂದ ಮುಚ್ಚಿ 10 ಮಿ.ಲೀ. ತುಂಬಿ, ಬೆರಳು ತೆಗೆದು 10 ಸೆಕೆಂಡ್ ಹರಿಯಲು ಬಿಡಿ. ಉಳಿದದ್ದು 1ರಿಂದ 4 ಮಿ.ಲೀ. ಆದರೆ 1ನೇ ಹಂತ, 4ರಿಂದ 8 ಆದರೆ 2ನೇ ಹಂತ, 8ಕ್ಕಿಂತ ಹೆಚ್ಚು ಉಳಿದರೂ ಸ್ವಲ್ಪವಾದರೂ ಹರಿದಿದ್ದರೆ 3ನೇ ಹಂತ. ಸಿರಿಂಜಿನ 0ಯಿಂದ 10ರವರೆಗಿನ ಗುರುತಿನ ಉದ್ದ 61.5 ಮಿ.ಮೀ. ಇರಬೇಕು, ಬೇರೆ ಆಕಾರದ್ದಾದರೆ ಲೆಕ್ಕ ತಪ್ಪುತ್ತದೆ. ಗಟ್ಟಿ ಮಾಡುವ ಪುಡಿಯನ್ನು ಕಣ್ಣಂದಾಜಿನಲ್ಲಿ ಸುರಿಯುವುದು, ಕದಡಿದ ಕೂಡಲೇ ಕುಡಿಸುವುದು, ಕಂಪನಿ ಬದಲಾದರೂ ಹಳೆಯ ಚಮಚದ ಲೆಕ್ಕವನ್ನೇ ಹಿಡಿಯುವುದು ಸಾಮಾನ್ಯ ಎಡವಟ್ಟುಗಳು.

ಉಣಿಸುವವರು ನಿಂತಿದ್ದಾರೋ ಕೂತಿದ್ದಾರೋ ಎಂಬುದನ್ನೂ ಗಮನಿಸಿ. ನಿಂತು ಉಣಿಸಿದರೆ ಅಕ್ಕ ಗದ್ದ ಎತ್ತಬೇಕಾಗುತ್ತದೆ, ಆಗ ತುತ್ತು ಶ್ವಾಸನಾಳಕ್ಕೆ ಜಾರುವ ಅಪಾಯ ಹೆಚ್ಚು. ಅವಳ ಬೆನ್ನು ನೆಟ್ಟಗಿರಲಿ, ಪಾದಗಳಿಗೆ ಆಧಾರವಿರಲಿ, ಉಣಿಸುವವರ ಕಣ್ಣು ಅವಳ ಕಣ್ಣಿನ ಮಟ್ಟದಲ್ಲಿರಲಿ. ಊಟವಾದ ಮೇಲೂ 30 ನಿಮಿಷ ಮಲಗಿಸಬಾರದು. ಕುಡಿದ ಮೇಲೆ ದನಿ ಗೊರಗೊರ ಎನ್ನುವುದು, ಎದೆಯ ಸೋಂಕು ಮರುಕಳಿಸುವುದು ಕಂಡರೆ ಕೆಮ್ಮಿಲ್ಲದಿದ್ದರೂ ಮತ್ತೆ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಸಹಾಯಕರು ಪದೇಪದೇ ಬದಲಾಗುತ್ತಾರೆ. ಮಗನ ಸನ್ನೆಗಳು ಹೊಸಬರಿಗೆ ತಿಳಿಯುವುದಿಲ್ಲ.

ಉತ್ತರ: ಕಳೆದ 8 ವಾರದ ಪಾಳಿ ಪಟ್ಟಿ ಕೇಳಿ, ಎಷ್ಟು ಬೇರೆ ಬೇರೆ ಹೆಸರುಗಳಿವೆ ಎಣಿಸಿ. ಆ ಸಂಖ್ಯೆಯನ್ನಿಟ್ಟುಕೊಂಡು ಮಾತಾಡಿದರೆ ವ್ಯವಸ್ಥಾಪಕರು ಹಾರಿಕೆಯ ಉತ್ತರ ಕೊಡಲಾರರು. ಜೊತೆಗೆ ಒಂದೇ ಹಾಳೆಯಲ್ಲಿ ಮೂರು ಅಂಕಣ ಎಳೆಯಿರಿ: ಅವನು ಹೀಗೆ ಮಾಡಿದರೆ, ಅದರ ಅರ್ಥ ಇದು, ನೀವು ಮಾಡಬೇಕಾದ್ದು ಇದು. ‘ಅಂಗಿಯ ತುದಿ ಕಚ್ಚಿದರೆ / ಗದ್ದಲ ಸಹಿಸಲಾಗುತ್ತಿಲ್ಲ / ಕೋಣೆಗೆ ಕರೆದೊಯ್ಯಿರಿ, ಮಾತು ನಿಲ್ಲಿಸಿ’ ಎನ್ನುವಷ್ಟು ನಿರ್ದಿಷ್ಟವಾಗಿರಲಿ. ಅವನ ಮುಂದೆಯೇ, ಅವನನ್ನೂ ಸೇರಿಸಿಕೊಂಡು ಬರೆಯಿರಿ. ಹೊಸಬರು ಮೊದಲ ಪಾಳಿಗೆ ಮುಂಚೆ ಓದಿ ಸಹಿ ಮಾಡಲಿ. ಆಸ್ಪತ್ರೆಗೆ ಹೋಗುವಾಗ ಅದರ ಪ್ರತಿ ಅವನ ಜೊತೆಗಿರಲಿ.