ಒಳಚುನಾವಣೆಯಲ್ಲಿ ಹಿರಿಯರ ಮಾತು

ಪ್ರಶ್ನೆ: ಮಾನ್ಯರೇ, ಅಮೆರಿಕದ ಪಕ್ಷಗಳು ತಮ್ಮ ಅಭ್ಯರ್ಥಿಯನ್ನು ಆರಿಸಲು ಪ್ರೈಮರಿ ಎಂಬ ಒಳಚುನಾವಣೆ ನಡೆಸುತ್ತವೆ. ಆಗ ಎಲ್ಲರೂ ಗೌರವಿಸುವ ಪಕ್ಷದ ಹಿರಿಯರು ಒಬ್ಬರ ಪರವಾಗಿ ಬಹಿರಂಗವಾಗಿ ನಿಲ್ಲುವುದು ಸರಿಯೇ? ದಾರಿ ತೋರಿಸದಿದ್ದರೆ ಹಿರಿತನ ಯಾತಕ್ಕೆ ಎಂದು ನಮ್ಮ ಬಳಗದಲ್ಲಿ ಕೆಲವರು ಕೇಳುತ್ತಾರೆ. ಹಿರಿಯರು ಎಲ್ಲರಿಗೂ ಸೇರಿದವರು, ಒಬ್ಬರ ಕಡೆ ವಾಲಬಾರದು ಎಂದು ಉಳಿದವರು ಹೇಳುತ್ತಾರೆ. ನಮ್ಮ ಭಾಗದ ಪಕ್ಷಗಳಿಗೂ ಈ ಮಾತು ಅನ್ವಯಿಸುತ್ತದೆಯೇ?
— ಓದುಗರೊಬ್ಬರು, ಸೇಡಂ, ಕಲಬುರಗಿ ಜಿಲ್ಲೆ

ಉತ್ತರ: ಆ ಹಿರಿಯರ ಮೇಲೆ ಯಾವ ಹೊಣೆಯಿದೆ ಎಂಬುದನ್ನು ಮೊದಲು ನೋಡಬೇಕು. ಸ್ಪರ್ಧೆಯನ್ನು ನಡೆಸುವ, ತಕರಾರು ಬಂದರೆ ತೀರ್ಪು ಹೇಳುವ, ಫಲಿತಾಂಶದ ಮರುದಿನ ಸೋತವರನ್ನೂ ಗೆದ್ದವರನ್ನೂ ಒಂದೆಡೆ ಕೂಡಿಸುವ ಹೊಣೆ ಯಾರದೋ ಅವರು ಸುಮ್ಮನಿರಬೇಕು. ಉಳಿದ ಹಿರಿಯರು ಧಾರಾಳವಾಗಿ ಮಾತನಾಡಬಹುದು, ಆದರೆ ಎಲ್ಲರೆದುರು, ತಮ್ಮ ಹೆಸರಿನಲ್ಲಿ, ಕಾರಣಸಹಿತ ಮಾತನಾಡಬೇಕು.

ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸಲು ಒಂದೊಂದೇ ರಾಜ್ಯದಲ್ಲಿ ನಡೆಯುತ್ತ ಹೋದ 2020ರ ಡೆಮಾಕ್ರಟಿಕ್ ಪಕ್ಷದ ಪ್ರೈಮರಿಯಲ್ಲಿ ಈ ಎರಡೂ ಬಗೆಯ ಹಿರಿಯರಿದ್ದರು. ಜೋ ಬೈಡನ್ ಅಯೋವಾದಲ್ಲಿ ನಾಲ್ಕನೆಯವರಾಗಿ, ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಐದನೆಯವರಾಗಿ ಬಂದಿದ್ದರು; ಅವರ ಕಥೆ ಮುಗಿಯಿತೆಂದೇ ಹಲವರು ಬಗೆದಿದ್ದರು. ನೆವಾಡಾದಲ್ಲಿ ಎರಡನೆಯವರಾದ ಮೇಲೆ ಮುಂದಿನದು ದಕ್ಷಿಣ ಕೆರೊಲಿನಾ. ಅಲ್ಲಿನ ಪಕ್ಷದ ಮತದಾರರಲ್ಲಿ ಕಪ್ಪು ಜನಾಂಗದವರೇ ಹೆಚ್ಚು, ಅವರೆಲ್ಲರ ಮನ್ನಣೆಯ ಹಿರಿಯರು ಸಂಸದ ಜಿಮ್ ಕ್ಲೈಬರ್ನ್. ಪರಿಚಿತರೊಬ್ಬರ ಅಂತ್ಯಕ್ರಿಯೆಗೆಂದು ಚರ್ಚಿಗೆ ಹೋದಾಗ, ಮುಂದಿನ ಸಾಲಿನಲ್ಲಿ ಕುಳಿತಿದ್ದ ವೃದ್ಧೆಯೊಬ್ಬರು ಅವರನ್ನು ಹತ್ತಿರ ಕರೆದು, ನಿಮ್ಮ ಮತ ಯಾರಿಗೆ ಎಂದು ಕೇಳಿದರಂತೆ. ಕ್ಲೈಬರ್ನ್ ಬಗ್ಗಿ ಕಿವಿಯಲ್ಲಿ ಹೇಳಿದರು. ಇದು ತನಗೆ ಗೊತ್ತಾದರೆ ಸಾಲದು, ಜನಕ್ಕೂ ಗೊತ್ತಾಗಬೇಕು ಎಂದು ಆಕೆ ಹೇಳಿದ ಮಾತು ತಮ್ಮನ್ನು ಬಿಡಲಿಲ್ಲ ಎಂದು ಅವರೇ ಮುಂದೆ ವಿವರಿಸಿದ್ದಾರೆ. ಫೆಬ್ರುವರಿ 26ರಂದು ಅವರು ಬೈಡನ್ ಪರ ಬಹಿರಂಗವಾಗಿ ನಿಂತರು. 29ರಂದು ಬೈಡನ್ ಆ ರಾಜ್ಯವನ್ನು ಭಾರಿ ಅಂತರದಿಂದ ಗೆದ್ದರು. ಹಲವು ರಾಜ್ಯಗಳು ಒಂದೇ ದಿನ ಮತ ಹಾಕಲಿದ್ದ ಮಾರ್ಚ್ 3ಕ್ಕೆ ಮುನ್ನವೇ ಇಬ್ಬರು ಪ್ರತಿಸ್ಪರ್ಧಿಗಳು ಕಣದಿಂದ ಹಿಂದೆ ಸರಿದು ಅವರನ್ನೇ ಬೆಂಬಲಿಸಿದರು. ಆ ವೃದ್ಧೆ ಕೇಳಿದ್ದು ನ್ಯಾಯವಾಗಿತ್ತು ಎಂದೇ ನನ್ನ ಅಭಿಪ್ರಾಯ. ಹಿರಿಯರ ಮನಸ್ಸಿನಲ್ಲಿರುವುದು ನಾಲ್ಕು ಜನ ಆಪ್ತರಿಗೆ ಮಾತ್ರ ತಿಳಿದಿದ್ದರೆ ಆ ನಾಲ್ವರೇ ಅದನ್ನು ಬೇಕಾದಂತೆ ಬಳಸಿಕೊಳ್ಳುತ್ತಾರೆ.

ಅದೇ ವರ್ಷ ಬರಾಕ್ ಒಬಾಮಾ ಮಾತ್ರ ಬಾಯಿ ಬಿಡಲಿಲ್ಲ. ಎಂಟು ವರ್ಷ ತಮ್ಮ ಉಪಾಧ್ಯಕ್ಷರಾಗಿದ್ದ ಬೈಡನ್ ಅವರೇ ಕಣದಲ್ಲಿದ್ದರೂ, ಬೈಡನ್ ಅವರ ಮುಖ್ಯ ಪ್ರತಿಸ್ಪರ್ಧಿ ಬರ್ನಿ ಸ್ಯಾಂಡರ್ಸ್ ಏಪ್ರಿಲ್ 8ರಂದು ಸ್ಪರ್ಧೆಯಿಂದ ಹಿಂದೆ ಸರಿಯುವವರೆಗೆ ಕಾದು, 14ರಂದು ಬೆಂಬಲ ಘೋಷಿಸಿದರು. ಅದನ್ನು ಅಂಜಿಕೆ ಎಂದವರಿದ್ದಾರೆ, ನಾನು ಒಪ್ಪುವುದಿಲ್ಲ. ಸ್ಯಾಂಡರ್ಸ್ ಬೆಂಬಲಿಗರಾದ ಯುವಕರ ಅಸಮಾಧಾನವನ್ನು ಆಮೇಲೆ ಯಾರಾದರೂ ತಣಿಸಬೇಕಿತ್ತು, ಮೊದಲೇ ಒಂದು ಕಡೆ ಸೇರಿದವರಿಂದ ಆ ಕೆಲಸ ಆಗುತ್ತಿರಲಿಲ್ಲ.

ಹಿರಿಯರು ಹೇಳಿದರೆಂದು ಮತ ಬಿದ್ದೇ ಬೀಳುತ್ತದೆ ಎಂದೇನೂ ಇಲ್ಲ. 2003ರ ಡಿಸೆಂಬರ್‌ನಲ್ಲಿ ಅದೇ ಪಕ್ಷದ ಮಾಜಿ ಉಪಾಧ್ಯಕ್ಷ ಅಲ್ ಗೋರ್ ಅವರ ಬೆಂಬಲ ಪಡೆದ ಆಕಾಂಕ್ಷಿ ಹೊವಾರ್ಡ್ ಡೀನ್ ಮುಂದಿನ ತಿಂಗಳು ಅಯೋವಾದಲ್ಲಿ ಮೂರನೆಯ ಸ್ಥಾನಕ್ಕೆ ಇಳಿದರು. 2008ರಲ್ಲಿ ಹಿರಿಯ ಸೆನೆಟರ್ ಟೆಡ್ ಕೆನಡಿ ಒಬಾಮಾ ಪರ ನಿಂತರೂ ಅವರದೇ ರಾಜ್ಯವಾದ ಮ್ಯಾಸಚೂಸೆಟ್ಸ್ ಹಿಲರಿ ಕ್ಲಿಂಟನ್ ಪಾಲಾಯಿತು.

ಹುದ್ದೆಯನ್ನಷ್ಟೇ ನೋಡಿ ತೀರ್ಮಾನಿಸಿದರೂ ತಪ್ಪುತ್ತೇವೆ. 1939ರ ಜನವರಿಯಲ್ಲಿ ಕಾಂಗ್ರೆಸ್ ಅಧ್ಯಕ್ಷ ಸ್ಥಾನಕ್ಕೆ ಸುಭಾಷ್‌ಚಂದ್ರ ಬೋಸ್ ಮತ್ತು ಪಟ್ಟಾಭಿ ಸೀತಾರಾಮಯ್ಯ ಎದುರುಬದುರಾದಾಗ ಗಾಂಧೀಜಿಯವರಿಗೆ ಪಕ್ಷದಲ್ಲಿ ಹುದ್ದೆಯಿರಲಿ, ಸದಸ್ಯತ್ವವೂ ಇರಲಿಲ್ಲ. 1934ರಲ್ಲೇ ಅದನ್ನು ಬಿಟ್ಟಿದ್ದರು. ಬೋಸ್ 1,580 ಮತ ಪಡೆದು, 1,377 ಮತ ಪಡೆದ ಪಟ್ಟಾಭಿಯವರನ್ನು ಸೋಲಿಸಿದರು. ಈ ಸೋಲು ಪಟ್ಟಾಭಿಯವರದಕ್ಕಿಂತ ಹೆಚ್ಚಾಗಿ ತಮ್ಮದು ಎಂದು ಗಾಂಧೀಜಿ ಬಹಿರಂಗವಾಗಿ ಹೇಳಿದ್ದು ಫಲಿತಾಂಶ ಬಂದ ಮೇಲೆ. ಇಬ್ಬರು ಅಭ್ಯರ್ಥಿಗಳ ನಡುವಿನ ಆಯ್ಕೆ ಅಲ್ಲಿಂದಾಚೆಗೆ ಗಾಂಧೀಜಿ ಬೇಕೋ ಬೇಡವೋ ಎಂಬ ಪ್ರಶ್ನೆಯಾಗಿ ಮಾರ್ಪಟ್ಟಿತು, ಗೆದ್ದ ಬೋಸ್ ಏಪ್ರಿಲ್‌ನಲ್ಲಿ ರಾಜೀನಾಮೆ ಕೊಡಬೇಕಾಯಿತು. ಕೊನೆಯ ಮಾತು ಯಾರದೆಂದು ಪಕ್ಷದವರೆಲ್ಲ ನಂಬಿರುತ್ತಾರೋ ಅವರೇ ನಿಜವಾದ ತೀರ್ಪುಗಾರರು, ಹುದ್ದೆ ಇರಲಿ ಬಿಡಲಿ. ಅಂಥವರು ಮತದಾನಕ್ಕೆ ಮೊದಲು ಮೌನವಾಗಿದ್ದು ನಂತರ ತಮ್ಮ ಒಲವನ್ನು ಹೇಳುವುದು ಎಲ್ಲಕ್ಕಿಂತ ಹೆಚ್ಚು ನೋವು ತರುವ ದಾರಿ.

ನಮ್ಮ ಜಿಲ್ಲೆಯವರಿಗೆ ಹತ್ತಿರದ ನಿದರ್ಶನ 2022ರ ಅಕ್ಟೋಬರ್ 17ರದು. ಮಲ್ಲಿಕಾರ್ಜುನ ಖರ್ಗೆಯವರು 7,897 ಮತ ಪಡೆದು, 1,072 ಮತ ಪಡೆದ ಶಶಿ ತರೂರ್ ಅವರನ್ನು ಸೋಲಿಸಿ ಕಾಂಗ್ರೆಸ್ ಅಧ್ಯಕ್ಷರಾದರು. ಪದಾಧಿಕಾರಿಗಳು ಯಾರ ಪರವೂ ಪ್ರಚಾರ ಮಾಡಬಾರದು, ಮಾಡಲೇಬೇಕೆಂದರೆ ಮೊದಲು ಹುದ್ದೆ ಬಿಡಬೇಕು ಎಂದು ಆಗ ಪಕ್ಷದ ಚುನಾವಣಾ ಪ್ರಾಧಿಕಾರ ಸೂಚಿಸಿತ್ತು. ನಮ್ಮ ರಾಜ್ಯದ ಸಯ್ಯದ್ ನಾಸಿರ್ ಹುಸೇನ್ ಸೇರಿ ಮೂವರು ವಕ್ತಾರರು ರಾಜೀನಾಮೆ ಕೊಟ್ಟ ಮೇಲೆಯೇ ಖರ್ಗೆಯವರ ಪರ ಹೊರಟರು. ಇಂಥ ನಿಯಮ ಎಲ್ಲ ಪಕ್ಷಗಳಲ್ಲೂ ಬರಬೇಕು. ಆದರೂ ಕೆಲವು ಪ್ರದೇಶ ಅಧ್ಯಕ್ಷರು ಖರ್ಗೆಯವರನ್ನು ಸ್ವಾಗತಿಸಿ, ತಮ್ಮ ಭೇಟಿಗೆ ಸಿಗುತ್ತಿಲ್ಲ ಎಂದು ತರೂರ್ ದೂರಿದ್ದರು. ಒಬ್ಬರಿಗೆ ಹಾರ ಹಾಕಿ ಇನ್ನೊಬ್ಬರಿಗೆ ಬಾಗಿಲು ಮುಚ್ಚುವುದೂ ಬೆಂಬಲ ಘೋಷಣೆಯೇ.

ನಮ್ಮಲ್ಲಿ ಪ್ರೈಮರಿ ಇಲ್ಲ. 2014ರ ಲೋಕಸಭಾ ಚುನಾವಣೆಗೆ ಕಾಂಗ್ರೆಸ್ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡದಲ್ಲಿ ಅಂಥ ಪ್ರಯೋಗ ಮಾಡಿದರೂ ಅದು ಕಲಬುರಗಿಯತ್ತ ಬರಲಿಲ್ಲ. ಇಲ್ಲಿ ಟಿಕೆಟ್ ಹಂಚುವ ಕಾಲಕ್ಕೆ ಬೆಂಗಳೂರಿನಿಂದ ವೀಕ್ಷಕರು ಬರುತ್ತಾರೆ, ಐವಾನ್-ಎ-ಶಾಹಿ ಅತಿಥಿಗೃಹದ ಮುಂದೆ ಜೀಪುಗಳು ಸಾಲುಗಟ್ಟುತ್ತವೆ, ಆಕಾಂಕ್ಷಿಗಳು ಅರ್ಜಿಯ ಕಡತ ಹಿಡಿದು ವರಾಂಡದಲ್ಲಿ ನಿಂತಿರುತ್ತಾರೆ. ಹಿರಿಯರೊಬ್ಬರು ಒಬ್ಬ ಆಕಾಂಕ್ಷಿಯ ಹೆಗಲ ಮೇಲೆ ಕೈಯಿಟ್ಟು ಒಳಗೆ ಹೋದರೆ ಸಾಕು, ಆ ಫೋಟೋ ಸಂಜೆಯೊಳಗೆ ತಾಲ್ಲೂಕಿನ ಎಲ್ಲ ವಾಟ್ಸ್ಆ್ಯಪ್ ಗುಂಪುಗಳನ್ನು ಮುಟ್ಟಿರುತ್ತದೆ. ಯಾಕೆ ಈತನೇ ಎಂದು ಹಿರಿಯರು ಎಲ್ಲೂ ಹೇಳಿರುವುದಿಲ್ಲ, ಉಳಿದವರು ಕೇಳುವಂತೆಯೂ ಇಲ್ಲ. ಬಂಡಾಯ ಅಭ್ಯರ್ಥಿಗಳು ಹುಟ್ಟುವುದು ಬಹುತೇಕ ಆ ವರಾಂಡದಲ್ಲೇ. ಪಕ್ಷಕ್ಕೆ ದುಡಿದ ಕಾರ್ಯಕರ್ತ ತನ್ನ ಸೋಲನ್ನು ಹೇಗಾದರೂ ನುಂಗಿಕೊಂಡಾನು, ತನ್ನ ಮಾತನ್ನು ಕೇಳುವ ಮೊದಲೇ ಎಲ್ಲ ಮುಗಿದಿತ್ತು ಎಂಬುದನ್ನು ನುಂಗಿಕೊಳ್ಳಲಾರ.

ಪ್ರಶ್ನೆ: ಆಕಾಂಕ್ಷಿ ಆ ಹಿರಿಯರ ಮಗನೋ ಮಗಳೋ ಆಗಿದ್ದರೆ?
— ಅದೇ ಓದುಗರು

ಉತ್ತರ: ಮನೆಯಲ್ಲಿ ಆಶೀರ್ವಾದ ಮಾಡಲಿ, ಅದನ್ನು ಯಾರೂ ಬೇಡ ಎನ್ನಲಾರರು. ಆದರೆ ಯಾವ ಪಕ್ಷದವರೇ ಆಗಲಿ, ಟಿಕೆಟ್ ತೀರ್ಮಾನವಾಗುವವರೆಗೆ ಆಯ್ಕೆ ಸಮಿತಿಯ ಸಭೆಗೆ ಹೋಗಬಾರದು, ವೀಕ್ಷಕರು ಬಂದ ದಿನ ಅತಿಥಿಗೃಹದ ಕಡೆ ಸುಳಿಯಬಾರದು, ಆ ಕ್ಷೇತ್ರದ ಮಟ್ಟಿಗೆ ತೀರ್ಪು ಹೇಳುವ ಕೆಲಸವನ್ನು ಬೇರೊಬ್ಬ ಹಿರಿಯರಿಗೆ ಬರವಣಿಗೆಯಲ್ಲಿ ಒಪ್ಪಿಸಬೇಕು. ಟಿಕೆಟ್ ಬೇರೆಯವರ ಪಾಲಾದರೆ, ಅವರ ಮೊದಲ ಪ್ರಚಾರ ಸಭೆಗೆ ತಮ್ಮ ಮಗನನ್ನೋ ಮಗಳನ್ನೋ ಜೊತೆಗೆ ಕರೆದುಕೊಂಡು ಹೋಗಬೇಕು.