ಆಫೀಸಿನ ರಾಜಕೀಯದಿಂದ ಕೆಲಸ ನಿಜವಾಗಿಯೂ ಕೆಡುತ್ತದಾ?

ಮ್ಯಾನೇಜರ್‌ಗೆ ಬೇಕಾದವರಿಗೇ ರಜೆ, ಬಡ್ತಿ ಎಲ್ಲ ಸಿಗುತ್ತದೆ, ಉಳಿದವರಿಗೆ ಕೆಲಸದಲ್ಲಿ ಮನಸ್ಸೇ ಇಲ್ಲ, ಇದರಿಂದ ಕೆಲಸವೂ ಕೆಡುತ್ತದಾ ಅಂತ ಕೇಳಿದ್ದೀರಿ. ಕೆಡುತ್ತದೆ. ಜಗಳ, ಚಾಡಿಗಿಂತ ಜಾಸ್ತಿ, ಗೊತ್ತಿದ್ದವರು ಬಾಯಿ ಮುಚ್ಚಿಕೊಳ್ಳುವುದರಿಂದ ಕೆಡುತ್ತದೆ.

ನಾನು ಶಿರಸಿಯಲ್ಲಿ ಅಡಿಕೆ ವ್ಯಾಪಾರದ ಲೆಕ್ಕ ಬರೆಯುವವನು. ಮೊದಲಿದ್ದ ವಖಾರಿಯಲ್ಲಿ ಒಬ್ಬರು ಹಳಬರಿದ್ದರು. ಚೀಲಕ್ಕೆ ಕೈ ಹಾಕಿ ನಾಲ್ಕು ಚಾಲಿ ಅಡಿಕೆ ತೆಗೆದು, ಒಂದನ್ನು ಒಡೆದು ನೋಡಿ, ‘ಇದು ಇನ್ನೂ ಒಣಗಬೇಕು’ ಅನ್ನುತ್ತಿದ್ದರು. ಅವರ ಕೆಲಸ ತೂಕ ಬರೆಯುವುದಷ್ಟೇ. ಇದು ಯಾರೂ ಹೇಳದೆ ಮಾಡುತ್ತಿದ್ದದ್ದು. ಆಮೇಲೆ ಮಾಲೀಕರ ಕಡೆಯ ಹುಡುಗನೊಬ್ಬ ಬಂದ. ಇವರು ಹೇಳಿದ್ದನ್ನೇ ಒಳಗೆ ಹೋಗಿ, ತಾನೇ ನೋಡಿದ್ದು ಅಂತ ಹೇಳುತ್ತಿದ್ದ. ಯುಗಾದಿಗೆ ಅವನ ಸಂಬಳ ಏರಿತು. ಇವರು ಒಂದು ಮಾತೂ ಆಡಲಿಲ್ಲ. ಮರುದಿನದಿಂದ ತೂಕ ಬರೆದರು, ಅಷ್ಟೇ. ಹಸಿ ಇದ್ದ ಚೀಲಗಳೂ ಒಳಗೆ ಹೋದವು. ಮಳೆಗಾಲದಲ್ಲಿ ಬೂಷ್ಟು ಹಿಡಿಯಿತು. ತೂಕದ ಪುಸ್ತಕದಲ್ಲಿ ಮಾತ್ರ ಒಂದು ತಪ್ಪೂ ಇರಲಿಲ್ಲ!

1963ರಲ್ಲಿ ಸ್ಟೇಸಿ ಆಡಮ್ಸ್ ಎಂಬ ಮನಶ್ಶಾಸ್ತ್ರಜ್ಞ ಇದನ್ನೇ ಹೇಳಿದ್ದರು. ನಾವು ದುಡಿದದ್ದು, ನಮಗೆ ಸಿಕ್ಕಿದ್ದು ಎರಡನ್ನೂ ಪಕ್ಕದವರ ಜೊತೆ ಹೋಲಿಸಿಕೊಳ್ಳುತ್ತೇವೆ. ಅನ್ಯಾಯ ಅನ್ನಿಸಿದರೆ ಸಂಬಳ ಏರಿಸಿಕೊಳ್ಳುವುದು ನಮ್ಮ ಕೈಲಿಲ್ಲ, ದುಡಿಮೆ ಇಳಿಸುವುದು ಇದೆ. ಇನ್ನೊಂದು ವಿಷಯ. 1989ರಲ್ಲಿ ಜೆರಾಲ್ಡ್ ಫೆರಿಸ್ ಮತ್ತು ಜೊತೆಗಾರರು ರಾಜಕೀಯ ನಡೆಯಿತೋ ಇಲ್ಲವೋ ಎಂಬುದಕ್ಕಿಂತ, ನಡೆಯುತ್ತಿದೆ ಅಂತ ನೌಕರರಿಗೆ ಅನ್ನಿಸುವುದಕ್ಕೆ ಒತ್ತು ಕೊಟ್ಟರು. ಅಂದರೆ ಮ್ಯಾನೇಜರ್ ನಿಯತ್ತಾಗಿದ್ದರೂ, ಯಾರಿಗೆ ಯಾಕೆ ಏನು ಸಿಕ್ಕಿತು ಎಂಬ ಲೆಕ್ಕ ಯಾರಿಗೂ ಕಾಣದಿದ್ದರೆ ಮನಸ್ಸು ಮುರಿಯುತ್ತದೆ.

ಇಲ್ಲಿ ಅಡಿಕೆ ಟೆಂಡರ್‌ನಲ್ಲಿ ಯಾರ ರೇಟು ಜಾಸ್ತಿ ಅಂತ ಬೆಳೆಗಾರರಿಗೆ ಗೊತ್ತಾಗುತ್ತದೆ. ಒಪ್ಪಿಗೆ ಆಗದಿದ್ದರೆ ಮಾಲು ಬಿಡುವುದಿಲ್ಲ. ಅದೇ ಪೇಟೆಯ ಆಫೀಸಿನಲ್ಲಿ ಯಾರ ಸಂಬಳ ಯಾಕೆ ಏರಿತು ಅಂತ ಕೇಳಿ ನೋಡಿ, ಎಲ್ಲರೂ ಚಹಾಕ್ಕೆ ಹೋಗಿರುತ್ತಾರೆ.

ನೀವು ಮ್ಯಾನೇಜರ್ ಹತ್ತಿರ ಪಕ್ಷಪಾತದ ಮಾತು ಎತ್ತಬೇಡಿ. ಯಾರು ತಾನೇ ಒಪ್ಪುತ್ತಾರೆ ಅಲ್ವಾ? ರಜೆಯ ಪಟ್ಟಿಯನ್ನು ಗೋಡೆಗೆ ಹಚ್ಚಿ ಅನ್ನಿ. ಬಡ್ತಿಗೆ ಏನೇನು ನೋಡುತ್ತೀರಿ ಅಂತ ಕೇಳಿ. ನಿಮಗೆ ಹೊಳೆದದ್ದನ್ನು ಬಾಯಲ್ಲಿ ಹೇಳುವ ಬದಲು ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿ, ಬೇರೆಯವರು ತಮ್ಮದು ಅನ್ನುವುದು ಕಷ್ಟ. ಇಷ್ಟಾದ ಮೇಲೂ ಏನೂ ಬದಲಾಗದಿದ್ದರೆ ಸುಮ್ನೆ ಕೊರಗಬೇಡಿ, ಬೇರೆ ಕಡೆ ನೋಡಿ. ಸೇರುವ ಮುಂಚೆ ಅಲ್ಲಿ ಕೆಲಸ ಬಿಟ್ಟವರೊಬ್ಬರನ್ನು ಮಾತಾಡಿಸಿ.